ಕೊರಿಯಾದ ಮನೆಯೂ ನಮ್ಮ ಭೋಗ್ಯವೂ

ನಮ್ಮ ಸಿಂಗಟಾಲೂರಿನ ವಾಚಕರಿಗೆ 'ಭೋಗ್ಯ'ವೆಂಬ ಶಬ್ದದ ಅರ್ಥವನ್ನು ಹೇಳಬೇಕಾದುದಿಲ್ಲ. ಒಡೆಯನು ಹಣವನ್ನು ಬಳಸುವನು, ಹಣ ಕೊಟ್ಟವನು ಮನೆಯನ್ನೋ ಹೊಲವನ್ನೋ ಅನುಭವಿಸುವನು. ಬಡ್ಡಿಯೂ ಇಲ್ಲ, ಬಾಡಿಗೆಯೂ ಇಲ್ಲ. ಕಲ್ಯಾಣದ ಚಾಲುಕ್ಯರ ಕಾಲದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ಈ ಭೋಗ್ಯಾಧಿಯನ್ನು ವಿವರಿಸಿರುವನು. ದಕ್ಷಿಣ ಕೊರಿಯಾದಲ್ಲಿಯೂ ಇಂಥದೇ ಪದ್ಧತಿಯುಂಟು. ಅದಕ್ಕೆ 'ಜೊನ್‌ಸೆ' ಎನ್ನುವರು.

ಉದ್ಯೋಗಕ್ಕೆಂದು ಸೋಲ್, ಸುವೊನ್ ಮೊದಲಾದ ನಗರಗಳಿಗೆ ಹೋಗುವ ನಮ್ಮ ತರುಣರಿಗೆ ಎರಡು ಮಾರ್ಗಗಳುಂಟು. 'ವೊಲ್‌ಸೆ'ಯಲ್ಲಿ ಅಲ್ಪ ಠೇವಣಿಯನ್ನಿಟ್ಟು ತಿಂಗಳ ಬಾಡಿಗೆಯನ್ನು ಕೊಡತಕ್ಕದ್ದು. ಜೊನ್‌ಸೆಯಲ್ಲಾದರೋ ಬಹುಧಾ ಮನೆಯ ಬೆಲೆಯ ಅರ್ಧಕ್ಕೂ ಮಿಕ್ಕ ಹಣವನ್ನು ಸಾಮಾನ್ಯವಾಗಿ 2 ವರ್ಷಗಳ ಮಟ್ಟಿಗೆ ಒಮ್ಮೆಲೇ ಒಪ್ಪಿಸತಕ್ಕದ್ದು. ಮನೆಗಳೇನೋ ಸುಖಕರವಾದವು. ನೆಲವನ್ನೇ ಬೆಚ್ಚಗಿಡುವ 'ಒಂದೊಲ್' ಏರ್ಪಾಡು ಚಳಿಯನ್ನು ನೀಗುವದು. ನಮ್ಮಲ್ಲಿಯಂತೆಯೇ ಪಾದರಕ್ಷೆಗಳನ್ನು ಬಾಗಿಲಲ್ಲಿ ಬಿಡುವರು.

ಆದರೆ ಕೊಟ್ಟ ಹಣವು ಮರಳಿ ಬರಬೇಕಲ್ಲವೆ? 2022-23ರಲ್ಲಿ ಇಂಚಿಯಾನ್ ನಗರದಲ್ಲಿ ಸಾಲದಲ್ಲಿ ಮುಳುಗಿದ ಮನೆಗಳು ಹರಾಜಿಗೆ ಬಂದು, ಅನೇಕರು ಠೇವಣಿಯನ್ನು ಕಳಕೊಂಡರು. ಕೆಲವರು ಪ್ರಾಣವನ್ನೇ ನೀಗಿಕೊಂಡರು. 2023ರಲ್ಲಿ ಅಲ್ಲಿಯ ಸರಕಾರವು ನೊಂದವರಿಗಾಗಿ ವಿಶೇಷ ಕಾಯಿದೆಯನ್ನು ಮಾಡಿತು.

ಆದುದರಿಂದ, ತಾಯಿತಂದೆಗಳೇ, ಹೊಲ ಮಾರಿ ಮಗನಿಗೆ ಹಣ ಕಳಿಸುವ ಮೊದಲು ಇಷ್ಟನ್ನು ಬರೆಯಿರಿ. ಇಲ್ಲಿ ಉತಾರದಲ್ಲಿ ಬೋಜಾ ನೋಡುವಂತೆ, ಅಲ್ಲಿ ಮನೆಯ ನೋಂದಣಿ ಪತ್ರದಲ್ಲಿ ಸಾಲವುಂಟೋ ಎಂದು ನೋಡಲಿ. ಮನೆಯನ್ನು ಸೇರಿದೊಡನೆ ತನ್ನ ವಾಸಸ್ಥಳವನ್ನು ಕಚೇರಿಗೆ ತಿಳಿಸಿ, ಕರಾರುಪತ್ರಕ್ಕೆ ತಾರೀಖಿನ ಮುದ್ರೆಯನ್ನು ಹಾಕಿಸಲಿ. ಪರದೇಶಸ್ಥನ ಇಂಥ ನೋಂದಣಿಗೂ ಅಲ್ಲಿಯ ಕಾಯಿದೆಯ ಬೆಂಬಲವುಂಟು. ಹರಾಜಾದರೂ, ಅನಂತರ ಸಾಲ ಕೊಟ್ಟವರಿಗಿಂತ ಇವನಿಗೆ ಮೊದಲು ಹಣ ಸಲ್ಲುವದು. ಇಲ್ಲಿ ಊರ ಹಿರಿಯರು ಸಾಕ್ಷಿ ನಿಲ್ಲುವರು. ಅಲ್ಲಿ ಆ ಮುದ್ರೆಯೇ ಸಾಕ್ಷಿ.