ಡಬ್ಬಿ ಅಟ್ಟ ಸೇರುವ ಮೊದಲು



ನಮ್ಮವರ ಮನೆಗಳಲ್ಲಿ ಈಚೆಗೆ ಹೊಸ ಬಗೆಯ ಉಡುಗೊರೆಯೊಂದು ಕಾಣಿಸಿಕೊಳ್ಳುತ್ತಿದೆ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದುದಕ್ಕೋ, ಹುಟ್ಟುಹಬ್ಬಕ್ಕೋ ಅಪ್ಪ ತಂದುಕೊಟ್ಟ ಪ್ಲಾಸ್ಟಿಕ್ ಡಬ್ಬಿ ಅದು. ಒಳಗೆ ಅಂಗೈಯಗಲದ ನೀಲಿ ಬೋರ್ಡು, ಬಣ್ಣಬಣ್ಣದ ವಯರುಗಳು, ಸಾಸಿವೆ ಡಬ್ಬಿಯಂತೆ ಮನೆ ಮನೆ ಮಾಡಿದ ಪೆಟ್ಟಿಗೆಯಲ್ಲಿ ನೂರಾರು ಪುಟ್ಟ ಸಾಮಾನುಗಳು. ಮೊದಲ ವಾರ ಊಟಕ್ಕೆ ಕರೆದರೂ ಮಕ್ಕಳು ಏಳುವುದಿಲ್ಲ. ಎರಡನೆಯ ತಿಂಗಳಿಗೆ ಡಬ್ಬಿ ಕೇರಂ ಬೋರ್ಡಿನ ಪಕ್ಕದಲ್ಲಿ ಅಟ್ಟದ ಮೇಲಿರುತ್ತದೆ.

ಇದಕ್ಕೆ ಮಕ್ಕಳ ಸೋಮಾರಿತನ ಕಾರಣವೆಂದು ನಾನು ಹೇಳಲಾರೆ. ಡಬ್ಬಿಯ ಜೊತೆ ಬರುವ ಪುಸ್ತಕದಲ್ಲಿ ಯಾವ ವಯರನ್ನು ಯಾವ ತೂತಿಗೆ ಚುಚ್ಚಬೇಕೆಂದು ಚಿತ್ರವಿರುತ್ತದೆ, ಏಕೆ ಚುಚ್ಚಬೇಕೆಂದು ಇರುವುದಿಲ್ಲ. ಮೂವತ್ತು ಪ್ರಯೋಗಗಳನ್ನು ಚಿತ್ರ ನೋಡಿ ಮುಗಿಸಿದ ಮೇಲೆ ಮೂವತ್ತೊಂದನೆಯದನ್ನು ಸ್ವಂತವಾಗಿ ಮಾಡಲು ಕೈ ಓಡುವುದಿಲ್ಲ. ಅಲ್ಲಿಗೆ ಆಸಕ್ತಿ ಆರುತ್ತದೆ.

ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿ ಮೂವತ್ತು ವರ್ಷ ಒಲೆಯ ಮುಂದೆ ನಿಂತ ಈ ಆಂಟಿಗೆ ಇದೆಲ್ಲ ಏಕೆ ಎಂದು ನೀವು ಕೇಳಬಹುದು. ಮಗ ಓದುವಾಗ ಅವನ ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ಕುಳಿತು ಕಲಿತದ್ದು. ಆಮೇಲೆ ಅವನು ಬೇರೆ ಊರಿಗೆ ಹೋದ, ಡಬ್ಬಿ ನನ್ನ ಬಳಿ ಉಳಿಯಿತು. ಅಲ್ಲದೆ ಈ ಬೋರ್ಡು ಹುಟ್ಟಿದ್ದೇ ಎಂಜಿನಿಯರುಗಳಲ್ಲದವರಿಗಾಗಿ. ಇಟಲಿಯಲ್ಲಿ ಇವ್ರಿಯಾ ಎಂಬ ಊರಿದೆ. ಒಲಿವೆಟ್ಟಿ ಟೈಪ್‌ರೈಟರುಗಳು ಅಲ್ಲಿಯವೇ. ಆ ಊರಿನ ವಿನ್ಯಾಸ ಶಾಲೆಯಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗೆ ಅಗ್ಗದಲ್ಲಿ ಸಿಗುವಂಥ ಒಂದು ಬೋರ್ಡು ಬೇಕೆಂದು ಮಾಸ್ಸಿಮೊ ಬಾಂಜಿ ಮತ್ತು ಸಂಗಡಿಗರು 2005ರಲ್ಲಿ 'ಆರ್ಡುಯಿನೊ'ವನ್ನು ತಯಾರಿಸಿದರು. ಹೆಸರು ಬಂದದ್ದು ಅವರು ಕೂಡುತ್ತಿದ್ದ ಒಂದು ಬಾರಿನಿಂದ; ಆ ಬಾರಿಗೆ ಹಳೆಯ ಕಾಲದ ಒಬ್ಬ ಅರಸನ ಹೆಸರು.

ಬೋರ್ಡಿನ ನಡುವೆ ಜಿರಳೆಯಂತೆ ಕಾಲು ಚಾಚಿ ಕುಳಿತಿರುವ ಕಪ್ಪು ಚಿಪ್ಪೇ ಮೈಕ್ರೋಕಂಟ್ರೋಲರ್. ಲೆಕ್ಕ ಮಾಡುವ ಭಾಗ, ನೆನಪಿಡುವ ಭಾಗ, ಹೊರಗಿನ ವಯರುಗಳೊಡನೆ ಮಾತಾಡುವ ಭಾಗ ಎಲ್ಲವೂ ಆ ಒಂದರಲ್ಲೇ. ನಿಮ್ಮ ಮನೆಯ ವಾಷಿಂಗ್ ಮಷೀನಿನಲ್ಲಿ, ಇಂಡಕ್ಷನ್ ಒಲೆಯಲ್ಲಿ, ಟಿ.ವಿ. ರಿಮೋಟಿನಲ್ಲಿ ಇದರ ಅಣ್ಣತಮ್ಮಂದಿರು ಇದ್ದಾರೆ. ಸಾಮಾನ್ಯವಾಗಿ ಡಬ್ಬಿಯಲ್ಲಿ ಸಿಗುವ 'ಯುನೊ' ಬೋರ್ಡಿನ ಚಿಪ್ಪಿಗೆ ಕಾರ್ಯಕ್ರಮ ಬರೆದಿಡಲು ಇರುವ ಜಾಗ 32 ಕಿಲೋಬೈಟ್. ಈ ಅಂಕಣದ ಕನ್ನಡವನ್ನು ಹಾಗೆಯೇ ತುಂಬಿದರೆ ಹೆಚ್ಚುಕಡಿಮೆ ಜಾಗ ಮುಗಿದೇ ಹೋಗುತ್ತದೆ! ಅಷ್ಟರಲ್ಲೇ ಅದು ಸಂಸಾರ ಮಾಡುತ್ತದೆ.

ಇನ್ನೂ ಕೊಂಡಿಲ್ಲದವರಿಗೆ ಒಂದು ಮಾತು. 'ಮೂವತ್ತೇಳು ಸೆನ್ಸರುಗಳು' ಎಂಬ ಜಾಹೀರಾತಿಗೆ ಮರುಳಾಗಬೇಡಿ. ಒಂದು ಯುನೊ, ಒಂದು ಬ್ರೆಡ್‌ಬೋರ್ಡ್, ಒಂದಷ್ಟು ವಯರು, ಕೆಂಪು-ಹಸಿರು ಎಲ್‌ಇಡಿಗಳು, 220 ಓಮ್, 1 ಕಿಲೋಓಮ್, 10 ಕಿಲೋಓಮಿನ ರೆಸಿಸ್ಟರುಗಳು, ಎರಡು ಗುಂಡಿಸ್ವಿಚ್ಚು, ಒಂದು ಪೀಜೋ ಬಜರ್ ಇಷ್ಟಿದ್ದರೆ ಆರು ತಿಂಗಳಿಗೆ ಸಾಕು. ಉಳಿಸಿದ ಹಣದಲ್ಲಿ ಡಿಜಿಟಲ್ ಮಲ್ಟಿಮೀಟರ್ ಕೊಳ್ಳಿ. ಡಬ್ಬಿಗಳಲ್ಲಿ ಅದೊಂದೇ ಇರುವುದಿಲ್ಲ, ಬೇಕಾದದ್ದೂ ಅದೇ. ಸಾಧ್ಯವಾದರೆ ಅಂಗಡಿಗೇ ಹೋಗಿ. ಮುಂಬಯಿಯವರಿಗೆ ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರೋಡ್, ಪುಣೆಯವರಿಗೆ ಬುಧವಾರ ಪೇಟೆ, ಚೆನ್ನೈಯವರಿಗೆ ರಿಚೀ ಸ್ಟ್ರೀಟ್, ಹೈದರಾಬಾದಿನವರಿಗೆ ಕೋಠಿಯ ಗುಜರಾತಿ ಗಲ್ಲಿ, ದಿಲ್ಲಿಯವರಿಗೆ ಕೆಂಪುಕೋಟೆಯ ಎದುರಿನ ಲಾಜಪತ್ ರಾಯ್ ಮಾರ್ಕೆಟ್ ಇವೆ. ರಜೆಗೆ ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲೊಂದು ಸುತ್ತು ಹಾಕಿ. ಚಿಕ್ಕಪೇಟೆಯಲ್ಲಿ ಅಮ್ಮ ಸೀರೆ ಆರಿಸುವಷ್ಟರಲ್ಲಿ ನಿಮ್ಮ ಕೆಲಸವೂ ಮುಗಿದಿರುತ್ತದೆ.

ಮೊದಲ ದಿನ ಕಂಪ್ಯೂಟರಿನಲ್ಲಿ ಏನೂ ಬರೆಯಬೇಡಿ. ಬೋರ್ಡನ್ನು ಬರೀ 5 ವೋಲ್ಟ್ ಕೊಡುವ ಬ್ಯಾಟರಿಯೆಂದು ತಿಳಿಯಿರಿ. ಬ್ರೆಡ್‌ಬೋರ್ಡಿನಲ್ಲಿ ಅಡ್ಡಸಾಲಿನ ಐದೈದು ತೂತುಗಳು ಒಳಗಿನಿಂದ ಒಂದಕ್ಕೊಂದು ಸೇರಿರುತ್ತವೆ, ನಡುವಿನ ಕಾಲುವೆಯ ಆಚೆಯ ಐದು ಬೇರೆ ಮನೆ. ಇದನ್ನು ಚಿತ್ರದಲ್ಲಿ ನೋಡಿ ನಂಬಬೇಡಿ. ಮೀಟರನ್ನು 'ಬೀಪ್' ಎನ್ನುವ ಸ್ಥಾನದಲ್ಲಿಟ್ಟು ಎರಡೆರಡು ತೂತಿಗೆ ವಯರು ಚುಚ್ಚಿ ಪರೀಕ್ಷಿಸಿ. ದೊಡ್ಡ ಬ್ರೆಡ್‌ಬೋರ್ಡುಗಳಲ್ಲಿ ಅಂಚಿನ ಉದ್ದಸಾಲು ಕೆಲವೊಮ್ಮೆ ನಡುವೆ ತುಂಡಾಗಿರುತ್ತದೆ. ಅದೂ ಆಗಲೇ ತಿಳಿಯುತ್ತದೆ.

ಈಗ 5 ವೋಲ್ಟಿನಿಂದ 220 ಓಮಿನ ರೆಸಿಸ್ಟರು, ಅಲ್ಲಿಂದ ಕೆಂಪು ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲಿನಿಂದ ಗ್ರೌಂಡ್. ದೀಪ ಹತ್ತಿತು. ಮೀಟರನ್ನು ಡಿ.ಸಿ. 20 ವೋಲ್ಟಿಗೆ ತಿರುಗಿಸಿ ಎಲ್‌ಇಡಿಯ ಎರಡು ಕಾಲುಗಳಿಗೆ ಮುಟ್ಟಿಸಿ. ಸುಮಾರು 2 ತೋರಿಸುತ್ತದೆ. ರೆಸಿಸ್ಟರಿಗೆ ಮುಟ್ಟಿಸಿದರೆ ಸುಮಾರು 3. ಕೂಡಿದರೆ 5. ತಿಂಗಳ ಕೊನೆಯಲ್ಲಿ ಜಮಾಖರ್ಚು ತಾಳೆಯಾದಾಗ ಆಗುವ ಸಮಾಧಾನ ನನಗೆ ಇಲ್ಲಿಯೂ ಆಯಿತು. ಆ 3 ವೋಲ್ಟನ್ನು 220ರಿಂದ ಭಾಗಿಸಿ, ಸುಮಾರು 14 ಮಿಲಿಆಂಪಿಯರ್ ಬರುತ್ತದೆ. ಯುನೊವಿನ ಒಂದು ಪಿನ್ನಿನಿಂದ 20 ಮಿಲಿಆಂಪಿಯರಿಗಿಂತ ಹೆಚ್ಚು ಎಳೆಯದಿರುವುದು ಕ್ಷೇಮ. 220 ಏಕೆಂದು ಈಗ ಯಾರೂ ನಿಮಗೆ ಹೇಳಬೇಕಿಲ್ಲ. 220ರ ಜಾಗದಲ್ಲಿ 1 ಕಿಲೋಓಮ್ ಹಾಕಿ ನೋಡಿ, 10 ಕಿಲೋಓಮ್ ಹಾಕಿ ನೋಡಿ, ಬೆಳಕು ಕುಗ್ಗುವುದನ್ನು ಕಣ್ಣಾರೆ ಕಾಣಿ. ಒಂದೇ ಎಚ್ಚರಿಕೆ: ಮೀಟರಿನ ಕೆಂಪು ವಯರು 10 ಆಂಪಿಯರ್ ಎಂದು ಬರೆದ ತೂತಿನಲ್ಲಿರುವಾಗ ವೋಲ್ಟೇಜ್ ಅಳೆಯಲು ಹೋಗಬೇಡಿ. ಅದು ನೇರ ಶಾರ್ಟ್ ಸರ್ಕ್ಯೂಟ್.

ಎರಡನೆಯ ದಿನ ಕಂಪ್ಯೂಟರ್. ಆರ್ಡುಯಿನೊ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಬಹಳ ಮಂದಿ ಇಲ್ಲೇ ಎಡವುತ್ತಾರೆ. ಕಂಪ್ಯೂಟರ್ ಬೋರ್ಡನ್ನು ಗುರುತಿಸುವುದೇ ಇಲ್ಲ. ಮೊದಲು ಕೇಬಲ್ ಬದಲಿಸಿ ನೋಡಿ. ಎಷ್ಟೋ ಕೇಬಲುಗಳು ಚಾರ್ಜ್ ಮಾಡಲು ಮಾತ್ರ, ಅವುಗಳಲ್ಲಿ ಮಾಹಿತಿ ಸಾಗಿಸುವ ವಯರೇ ಇರುವುದಿಲ್ಲ. ಮತ್ತೆ, ಅಗ್ಗದ ಬೋರ್ಡುಗಳಲ್ಲಿ ಸಿಎಚ್340 ಎಂಬ ಚಿಪ್ಪಿರುತ್ತದೆ. ಅದಕ್ಕೆ ಕೆಲವು ಕಂಪ್ಯೂಟರುಗಳಲ್ಲಿ ಪ್ರತ್ಯೇಕ ಡ್ರೈವರ್ ಹಾಕಬೇಕು. ಈ ಎರಡರಿಂದ ಮುಕ್ಕಾಲು ತಲೆನೋವು ಹೋಗುತ್ತದೆ.

ಕಾರ್ಯಕ್ರಮದಲ್ಲಿ ಎರಡೇ ಭಾಗ, 'ಸೆಟಪ್' ಮತ್ತು 'ಲೂಪ್'. ಬೆಳಿಗ್ಗೆ ಎದ್ದು ಸಿಲಿಂಡರಿನ ಕೀಲಿ ತಿರುಗಿಸುವುದು ಸೆಟಪ್, ದಿನಕ್ಕೊಮ್ಮೆ ಸಾಕು. ಕಾಫಿ, ತಿಂಡಿ, ಅಡುಗೆ, ಪಾತ್ರೆ, ಮತ್ತೆ ಕಾಫಿ ಎಂಬುದು ಲೂಪ್. ಅದು ಎಂದಿಗೂ ಮುಗಿಯುವುದಿಲ್ಲವೆಂದು ನಿಮ್ಮ ಅಮ್ಮನನ್ನು ಕೇಳಿದರೆ ಹೇಳುತ್ತಾರೆ. ವ್ಯಾಕರಣ ಮಾತ್ರ ಬಲು ಕಟ್ಟುನಿಟ್ಟು. ಪರೀಕ್ಷೆಯಲ್ಲಿ ನಾವು ಸೆಮಿಕೋಲನ್ ಬಿಟ್ಟರೆ ಪ್ರೊಫೆಸರು ಅರ್ಧ ಅಂಕ ಕಳೆಯುತ್ತಿದ್ದರು, ಇಲ್ಲಿ ಇಡೀ ಉತ್ತರಪತ್ರಿಕೆಯನ್ನೇ ಹಿಂತಿರುಗಿಸುತ್ತಾರೆ. ದೊಡ್ಡಕ್ಷರ ಸಣ್ಣಕ್ಷರ ತಪ್ಪಿದರೂ ಅಷ್ಟೇ. ದೀಪ ಮಿನುಗಿಸುವ 'ಬ್ಲಿಂಕ್' ಎಂಬ ಉದಾಹರಣೆ ತಂತ್ರಾಂಶದಲ್ಲೇ ಇದೆ. ಅದರಲ್ಲಿರುವ 1000 ಎಂದರೆ 1000 ಮಿಲಿಸೆಕೆಂಡು. ಅದನ್ನು 200 ಮಾಡಿ, 20 ಮಾಡಿ, 5 ಮಾಡಿ. ಎಲ್ಲಿ ಮಿನುಗು ನಿಂತಂತೆ ಕಾಣುತ್ತದೆ? ನಿಂತದ್ದು ದೀಪವೋ, ನಿಮ್ಮ ಕಣ್ಣೋ?

ಇದಾದ ಮೇಲೆ ಪುಸ್ತಕದ ಮೂವತ್ತು ಪ್ರಯೋಗಗಳನ್ನು ಬದಿಗಿಟ್ಟು ನಿಮ್ಮ ಮನೆಗೆ ಬೇಕಾದ ಒಂದನ್ನು ಮಾಡಿ. ನಮ್ಮಲ್ಲಿ ನೀರು ಬರುವುದು ಗಂಟೆಯ ಲೆಕ್ಕದಲ್ಲಿ. ಬಚ್ಚಲುಮನೆಯ ಡ್ರಮ್ಮಿಗೆ ನಲ್ಲಿ ಬಿಟ್ಟು ಒಲೆಯ ಕಡೆ ತಿರುಗಿದರೆ ನೀರು ಹಾಲಿಗೆ ಬಂದಿರುತ್ತದೆ. ಡ್ರಮ್ಮು ತುಂಬಿದಾಗ ಕೂಗುವ ಗಂಟೆಯೊಂದು ನನಗೆ ಬೇಕಿತ್ತು.

ತತ್ತ್ವ ಸರಳ. ನಲ್ಲಿನೀರಿನಲ್ಲಿ ಲವಣಗಳಿರುವುದರಿಂದ ಅದು ಸ್ವಲ್ಪ ವಿದ್ಯುತ್ತನ್ನು ಹರಿಯಗೊಡುತ್ತದೆ. ಯುನೊವಿನ 7ನೆಯ ಪಿನ್ನಿನಿಂದ ಒಂದು ವಯರು, 'ಎ0' ಎಂಬ ಪಿನ್ನಿನಿಂದ ಇನ್ನೊಂದು. ಎರಡರ ಬರಿದಾದ ತುದಿಗಳೂ ಡ್ರಮ್ಮಿನ ಬಾಯಿಯ ಹತ್ತಿರ, ಒಂದಕ್ಕೊಂದು ತಾಗದಂತೆ. ಎ0ಯಿಂದ ಗ್ರೌಂಡಿಗೆ 10 ಕಿಲೋಓಮಿನ ಒಂದು ರೆಸಿಸ್ಟರು. ಬಜರ್ 8ನೆಯ ಪಿನ್ನಿಗೆ. 7ಕ್ಕೆ ವಿದ್ಯುತ್ ಕೊಟ್ಟು ಎ0ಯನ್ನು ಓದಿದರೆ 0ಯಿಂದ 1023ರ ವರೆಗಿನ ಒಂದು ಸಂಖ್ಯೆ ಬರುತ್ತದೆ. ತುದಿಗಳು ಒಣಗಿದ್ದರೆ ಸೊನ್ನೆ, ನೀರು ಮುಟ್ಟಿದರೆ ಮೇಲಕ್ಕೆ ಜಿಗಿಯುತ್ತದೆ. ಎಷ್ಟು ಜಿಗಿಯುತ್ತದೆಂದು ಮಾತ್ರ ನಾನು ಹೇಳುವುದಿಲ್ಲ, ಯಾರೂ ಹೇಳಲಾರರು. ತುದಿಗಳ ಅಂತರ, ನಿಮ್ಮ ನೀರು ಎರಡನ್ನೂ ಅದು ಅವಲಂಬಿಸಿದೆ. ಟ್ಯಾಂಕರಿನಲ್ಲಿ ಬರುವ ಬೋರ್‌ವೆಲ್ ನೀರಿನಲ್ಲಿ ಸಾಮಾನ್ಯವಾಗಿ ಲವಣ ಹೆಚ್ಚು, ಸಂಖ್ಯೆಯೂ ಹೆಚ್ಚು. ನೀವೇ ಒಂದು ಲೋಟದಲ್ಲಿ ಅಳೆದು, ಬಂದ ಸಂಖ್ಯೆಯ ಅರ್ಧವನ್ನು ಗಡಿಯಾಗಿ ಇಟ್ಟುಕೊಂಡು, ಅದನ್ನು ದಾಟಿದರೆ ಬಜರ್ ಕೂಗುವಂತೆ ಬರೆಯಿರಿ.

ಆ 10 ಕಿಲೋಓಮ್ ಏಕೆ? ಅದನ್ನು ಕಿತ್ತು ನೋಡಿ. ಡ್ರಮ್ಮು ಒಣಗಿದ್ದರೂ ಸಂಖ್ಯೆಗಳು ಹುಚ್ಚುಹುಚ್ಚಾಗಿ ಕುಣಿಯುತ್ತವೆ. ಎಲ್ಲಿಗೂ ಸೇರದ ಪಿನ್ನು ಗಾಳಿಯಲ್ಲಿನ ಗದ್ದಲವನ್ನೆಲ್ಲ ಹೆಕ್ಕಿಕೊಳ್ಳುತ್ತದೆ. ರೆಸಿಸ್ಟರು ಅದನ್ನು ಮೆಲ್ಲಗೆ ಸೊನ್ನೆಗೆ ಎಳೆದಿಡುತ್ತದೆ.

ಇನ್ನೊಂದು ವಿಷಯ. 7ನೆಯ ಪಿನ್ನಿಗೆ ಸದಾ ವಿದ್ಯುತ್ ಕೊಟ್ಟಿಟ್ಟರೆ ಕೆಲವೇ ದಿನಗಳಲ್ಲಿ ತಾಮ್ರದ ಆ ತುದಿ ಹಸಿರುಗಟ್ಟಿ ಸವೆಯುತ್ತದೆ. ನೀರಿನಲ್ಲಿ ಒಂದೇ ದಿಕ್ಕಿಗೆ ವಿದ್ಯುತ್ ಹರಿದರೆ ಲೋಹ ಕರಗುತ್ತ ಹೋಗುತ್ತದೆ. ಆದ್ದರಿಂದ ಎರಡು ಸೆಕೆಂಡಿಗೊಮ್ಮೆ, ಓದುವ ಕ್ಷಣಕ್ಕೆ ಮಾತ್ರ ವಿದ್ಯುತ್ ಕೊಟ್ಟು ಕೂಡಲೇ ಆರಿಸುವಂತೆ ಬರೆಯಿರಿ. ತುದಿಗೆ ಸ್ಟೀಲಿನ ಸ್ಕ್ರೂ ಕಟ್ಟಿದರೆ ಇನ್ನೂ ಒಳ್ಳೆಯದು. ಕುಡಿಯುವ ನೀರಿನ ಪಾತ್ರೆಗೆ ಮಾತ್ರ ಈ ಏರ್ಪಾಡು ಬೇಡವೇ ಬೇಡ. ಬೋರ್ಡು, ಚಾರ್ಜರು ಎರಡೂ ಹೊರಗಿನ ಕೋಣೆಯಲ್ಲಿರಲಿ, ಬಚ್ಚಲಿಗೆ ಹೋಗುವುದು ಎರಡು ಸಣ್ಣ ವಯರು ಮಾತ್ರ. ಪವರ್ ಬ್ಯಾಂಕ್ ಹಾಕುತ್ತೇನೆಂದರೆ, ಈ ಬೋರ್ಡು ಎಳೆಯುವ ವಿದ್ಯುತ್ ತೀರಾ ಕಡಿಮೆಯೆಂದು ಅನೇಕ ಪವರ್ ಬ್ಯಾಂಕುಗಳು ತಾವಾಗಿಯೇ ನಿದ್ದೆ ಹೋಗುತ್ತವೆ.

ಈಗ ಹಿರಿಯಳಾಗಿ ಒಂದು ಕಟ್ಟಪ್ಪಣೆ. ಡಬ್ಬಿಯಲ್ಲಿ ನೀಲಿ ಚೌಕದ 'ರಿಲೇ' ಇರುತ್ತದೆ, ಅದರಿಂದ ಮನೆಯ ಫ್ಯಾನು ದೀಪ ಹಚ್ಚುವ ಪ್ರಯೋಗ ಪುಸ್ತಕದಲ್ಲಿರುತ್ತದೆ. ಮನೆಯ ಪ್ಲಗ್ಗಿನಲ್ಲಿರುವುದು 230 ವೋಲ್ಟ್. ರಿಲೇ ಬೋರ್ಡಿನ ಅಡಿಯಲ್ಲಿ ಅದು ಬೆರಳಿಗೆ ಸಿಗುವಂತೆ ಬರಿದಾಗಿರುತ್ತದೆ. ಕೆಲಸ ಬಲ್ಲವರು ಪಕ್ಕದಲ್ಲಿ ನಿಲ್ಲದೆ, ಮುಚ್ಚಿದ ಪೆಟ್ಟಿಗೆಯಿಲ್ಲದೆ ಅದನ್ನು ಮುಟ್ಟಕೂಡದು. 5 ವೋಲ್ಟಿನಲ್ಲಿ ಎಷ್ಟು ತಪ್ಪಿದರೂ ಹೋಗುವುದು ಒಂದು ಎಲ್‌ಇಡಿ, ಬಹಳವೆಂದರೆ ಒಂದು ಬೋರ್ಡು. ಹಾಗೆಯೇ ಬೆಸುಗೆಯ ಸೀಸ ಊಟದ ಮೇಜಿಗೆ ಬರಬಾರದು. ಕೈ ಸೋಪಿನಲ್ಲಿ ತೊಳೆದ ಮೇಲೆಯೇ ಚಪಾತಿ.

ಕೊನೆಯ ವರ್ಷದ ಪ್ರಾಜೆಕ್ಟುಗಳು ಸಿದ್ಧವಾಗಿ ದುಡ್ಡಿಗೆ ಸಿಗುತ್ತವೆಂಬುದು ನಿಮಗೆಲ್ಲ ಗೊತ್ತು. ಕೇಳಿದರೆ ಕಾರ್ಯಕ್ರಮ ಬರೆದುಕೊಡುವ ಯಂತ್ರಗಳೂ ಈಗ ಬಂದಿವೆ. ಬರೆಸಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಬ್ರೆಡ್‌ಬೋರ್ಡಿನಲ್ಲಿ ಸಡಿಲವಾದ ವಯರು ಆ ಯಂತ್ರಕ್ಕೆ ಕಾಣದು. ಮೌಖಿಕ ಪರೀಕ್ಷೆಯಲ್ಲಿ ಎದುರಿಗೆ ಕುಳಿತವರು ಆ 10 ಕಿಲೋಓಮಿಗೆ ಬೆರಳು ತೋರಿಸಿ "ಇದು ಯಾಕೆ?" ಎಂದಾಗ ಬಾಯಿ ಬಿಡಬೇಕಾದವರು ನೀವು.

ಅದಕ್ಕೊಂದು ತಾಲೀಮು ಹೇಳುತ್ತೇನೆ. ಗಂಟೆ ಕೂಗಿದ ದಿನ ಊರಿನ ಅಜ್ಜನಿಗೋ ಅಜ್ಜಿಗೋ ಫೋನ್ ಮಾಡಿ, ಅದು ಹೇಗೆ ಕೆಲಸ ಮಾಡುತ್ತದೆಂದು ಕನ್ನಡದಲ್ಲಿ ವಿವರಿಸಿ. ರೆಸಿಸ್ಟರಿಗೆ ಕನ್ನಡ ಶಾಲೆಯ ಪುಸ್ತಕದಲ್ಲಿ 'ರೋಧಕ' ಎನ್ನುತ್ತಾರೆ. ನೆನಪಿಗೆ ಬಾರದಿದ್ದರೆ "ಕರೆಂಟನ್ನು ತಡೆದು ತಡೆದು ಬಿಡುವ ಕಡ್ಡಿ" ಎಂದರೂ ಅವರಿಗೆ ತಿಳಿಯುತ್ತದೆ. ಎಲ್ಲಿ ನಿಮ್ಮ ಮಾತು ತಡವರಿಸುತ್ತದೋ ಅಲ್ಲಿ ಮತ್ತೊಮ್ಮೆ ಮೀಟರ್ ಹಿಡಿಯಿರಿ. ಅಜ್ಜ ತೋಟ ಮಾಡುವವರಾಗಿದ್ದರೆ ಅವರನ್ನು ಹಗುರವಾಗಿ ಎಣಿಸಬೇಡಿ. ಮೂರು ಫೇಸ್ ಕರೆಂಟು ಬರುವ ಹೊತ್ತು ನೋಡಿ, ಮೊಬೈಲಿನಿಂದಲೇ ಪಂಪು ಚಾಲೂ ಮಾಡುವ ಪೆಟ್ಟಿಗೆಗಳು ಈಗ ಊರಿನ ಎಷ್ಟೋ ತೋಟಗಳಲ್ಲಿವೆ. ಅದರೊಳಗೂ ಇಂಥದೇ ಒಂದು ಚಿಪ್ಪಿದೆ. ಬಾವಿಯಲ್ಲಿ ನೀರು ಬತ್ತಿದರೆ ಅದಕ್ಕೆ ಹೇಗೆ ಗೊತ್ತಾಗುತ್ತದೆಂದು ಅವರನ್ನೇ ಕೇಳಿ.