49 ಹೆಜ್ಜೆಯೊಳಗಿನ ಗಣಿತ

ಎಂಜಿನಿಯರಿಂಗ್ ಮೊದಲ ವರ್ಷದ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಮುನ್ನ ಒಂದು ವಾರ ಹೆಚ್‌ಪಿ-25ರ ಜೊತೆ ಕೂರಿಸಬೇಕು ಎಂಬುದು ಗಣಿತದ ಮೇಷ್ಟ್ರಾಗಿ ನನ್ನ ಬಹುಕಾಲದ ವಾದ. ಹ್ಯೂಲೆಟ್-ಪ್ಯಾಕರ್ಡ್ ಕಂಪನಿ 1975ರಲ್ಲಿ 195 ಡಾಲರಿಗೆ ಮಾರಿದ ಜೇಬಿನ ಕ್ಯಾಲ್ಕುಲೇಟರ್ ಅದು. ಹಿಂದಿನ ವರ್ಷ ಬಂದಿದ್ದ ಹೆಚ್‌ಪಿ-65 ಪುಟ್ಟ ಮ್ಯಾಗ್ನೆಟಿಕ್ ಕಾರ್ಡಿನಲ್ಲಿ ಪ್ರೋಗ್ರಾಂ ಉಳಿಸಿಕೊಳ್ಳುತ್ತಿತ್ತು, ಬೆಲೆ ಮಾತ್ರ 795 ಡಾಲರ್. ಹೆಚ್‌ಪಿ-25ಕ್ಕೆ ಕಾರ್ಡಿಲ್ಲ. ಪ್ರೋಗ್ರಾಮಿಗೆ 49 ಹೆಜ್ಜೆ, ಸಂಖ್ಯೆ ಇಟ್ಟುಕೊಳ್ಳಲು ಎಂಟು ಜಾಗ, ಅಷ್ಟೇ. ಸ್ವಿಚ್ ಆರಿಸಿದರೆ ಎಲ್ಲ ಅಳಿಸಿಹೋಗುತ್ತದೆ. ಮರುವರ್ಷದ 25ಸಿಯಲ್ಲಿ ಈ ಕೊರತೆ ನೀಗಿತು.

ನನಗೆ ಇಷ್ಟವಾದದ್ದು ಮರೆಯುವ ಹೆಚ್‌ಪಿ-25. ಪ್ರೋಗ್ರಾಂ ಕಾಗದದ ಮೇಲೆ ಇರಲೇಬೇಕು, ಪ್ರತಿ ಸಲವೂ ಬೆರಳಿನಿಂದ ಮತ್ತೆ ಒತ್ತಲೇಬೇಕು. ಒತ್ತುವಾಗ ಪ್ರತಿ ಹೆಜ್ಜೆಯೂ ಏಕೆ ಅಲ್ಲಿದೆ ಎಂದು ಕೇಳಿಕೊಳ್ಳುವ ಹಾಗಾಗುತ್ತದೆ.

ಇದರಲ್ಲಿ ಸಮ ಚಿಹ್ನೆಯ ಕೀ ಇಲ್ಲ. ಮೂರು ಒತ್ತಿ, ಎಂಟರ್, ನಾಲ್ಕು, ಆಮೇಲೆ ಪ್ಲಸ್. ಮೊದಲು ಸಂಖ್ಯೆಗಳು, ನಂತರ ಕ್ರಿಯೆ. ಆವರಣ ಚಿಹ್ನೆಯ ಗೊಡವೆಯೇ ಇಲ್ಲ. ಬರೆದ ಪ್ರೋಗ್ರಾಮನ್ನು ನೋಡಲು ಹೋದರೆ ಕೆಂಪು ಅಂಕಿಗಳಲ್ಲಿ ಕೀಯ ವಿಳಾಸ ಕಾಣುತ್ತದೆ: 51 ಎಂದರೆ ಐದನೇ ಸಾಲಿನ ಮೊದಲ ಕೀ, ಅಂದರೆ ಪ್ಲಸ್.

ವರ್ಗಮೂಲ ತೆಗೆಯುವ ನ್ಯೂಟನ್ನನ ವಿಧಾನವನ್ನೇ ನೋಡಿ. ಒಂದು ಊಹೆ ಇಟ್ಟುಕೊಳ್ಳಿ, ಕೊಟ್ಟ ಸಂಖ್ಯೆಯನ್ನು ಅದರಿಂದ ಭಾಗಿಸಿ, ಬಂದದ್ದಕ್ಕೆ ಊಹೆಯನ್ನು ಕೂಡಿಸಿ ಅರ್ಧ ಮಾಡಿ, ಅದೇ ಹೊಸ ಊಹೆ. ಇಷ್ಟನ್ನೂ, ಉತ್ತರವನ್ನು ಸುಮಾರು ಒಂದು ಸೆಕೆಂಡ್ ತೋರಿಸುವ ಪಾಜ್ (ವಿರಾಮ) ಆಜ್ಞೆಯನ್ನೂ, ಮೊದಲ ಹೆಜ್ಜೆಗೆ ಮರಳುವ ಆಜ್ಞೆಯನ್ನೂ ಸೇರಿಸಿದರೆ ಹತ್ತೇ ಹೆಜ್ಜೆ. ಎರಡರ ವರ್ಗಮೂಲಕ್ಕೆ ಒಂದರಿಂದ ಹೊರಟರೆ ಪರದೆಯ ಮೇಲೆ 1.5, ನಂತರ 1.416666667, ನಂತರ 1.414215686, ಆಮೇಲೆ 1.414213562. ಮುಂದಕ್ಕೆ ಅಂಕಿ ಕದಲುವುದಿಲ್ಲ. ಸರಿಯಾದ ಅಂಕಿಗಳು ಪ್ರತಿ ಸುತ್ತಿಗೂ ಹೆಚ್ಚುಕಡಿಮೆ ಇಮ್ಮಡಿಯಾಗುವುದನ್ನು ಕಪ್ಪುಹಲಗೆಯ ಮೇಲೆ ಎಷ್ಟೇ ಸಾಧಿಸಿ ತೋರಿಸಿದರೂ, ಹೀಗೆ ಕಣ್ಣೆದುರೇ ನಡೆಯುವುದಕ್ಕೆ ಸಾಟಿಯಿಲ್ಲ. ವರ್ಗಮೂಲಕ್ಕೆ ಅದರಲ್ಲೇ ಒಂದು ಕೀ ಇದೆ, ನಿಜ. ಆ ಕೀ ಉತ್ತರ ಕೊಡುತ್ತದೆ, ದಾರಿ ತೋರಿಸುವುದಿಲ್ಲ.

ನಮ್ಮ ಪರೀಕ್ಷಾ ಕೊಠಡಿಗಳಿಗೆ ಪ್ರೋಗ್ರಾಂ ಮಾಡಬಲ್ಲ ಕ್ಯಾಲ್ಕುಲೇಟರ್ ಸಾಮಾನ್ಯವಾಗಿ ನಿಷಿದ್ಧ. ಅದಕ್ಕೆ ನನ್ನ ತಕರಾರಿಲ್ಲ, ಸೂತ್ರ ಅಡಗಿಸಿ ತರುವವರನ್ನು ತಡೆಯಬೇಕಾದದ್ದೇ. ಆದರೆ ನಿಷೇಧ ಪರೀಕ್ಷೆಯಿಂದ ತರಗತಿಗೂ ಹರಡಿ, ಮಕ್ಕಳು ಅಂಥದ್ದೊಂದನ್ನು ಕೈಯಲ್ಲಿ ಹಿಡಿಯದೆಯೇ ಪದವಿ ಪಡೆಯುತ್ತಿದ್ದಾರೆ. ಹಳೆಯ ಯಂತ್ರ ಸಿಗದಿದ್ದರೆ ಅದನ್ನು ಅನುಕರಿಸುವ ತಂತ್ರಾಂಶ ಸಾಕು. ಬ್ಯಾಂಕ್ ಸಾಲದ ಮಾಸಿಕ ಕಂತನ್ನು ಲೆಕ್ಕ ಹಾಕುವ ಪ್ರೋಗ್ರಾಮನ್ನು 49 ಹೆಜ್ಜೆಯೊಳಗೆ ಮುಗಿಸಿ, ಕಾಗದದ ಮೇಲೆ ಬರೆದು ತರಲಿ. ಮೊದಲ ಸೆಮಿಸ್ಟರಿನ ಪ್ರಯೋಗಾಲಯದ ಮೊದಲ ಪಾಠ ಅದಾಗಲಿ.