ಗೋಡೆಗೊಂದು ಮೂಲಚಿತ್ರ

ಮಾಟುಂಗದ ಕನ್ನಡಿಗರ ಮನೆಗಳಲ್ಲಿ ಪುಸ್ತಕದ ಕಪಾಟಿರುತ್ತದೆ, ಮೂಲೆಯಲ್ಲಿ ತಂಬೂರಿ ಇರುವುದೂ ಉಂಟು. ಗೋಡೆಯ ಮೇಲೆ ಮಾತ್ರ ದೇವರ ಪಟ, ಹಿರಿಯರ ಭಾವಚಿತ್ರ, ಅಂಗಡಿಯವರು ಕೊಟ್ಟ ಕ್ಯಾಲೆಂಡರು. ಇವುಗಳ ಬಗ್ಗೆ ನಮಗೆ ತಕರಾರಿಲ್ಲ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದುದರಿಂದ ಲಕ್ಷ್ಮಿ ಸರಸ್ವತಿಯರು ಸಾಮಾನ್ಯರ ಮನೆಗೂ ಬಂದರು. ಆದರೆ ಕಲಾವಿದನ ಕೈ ನೇರವಾಗಿ ಮುಟ್ಟಿದ ಚಿತ್ರವೊಂದು ನಮ್ಮ ಬಹುತೇಕ ಮನೆಗಳಲ್ಲಿಲ್ಲ. ಅದು ಸಿರಿವಂತರ ಸೊತ್ತೆಂದು ನಾವು ಕೇಳುವ ಮೊದಲೇ ತೀರ್ಮಾನಿಸಿಬಿಟ್ಟಿದ್ದೇವೆ. ಮದುವೆಗೆ ಕೊಳ್ಳುವ ಒಂದು ರೇಷ್ಮೆ ಸೀರೆಯ ಬೆಲೆಗೆ ಯುವ ಕಲಾವಿದನ ಒಳ್ಳೆಯ ರೇಖಾಚಿತ್ರ ದೊರೆಯಬಹುದು. ಸೀರೆಯ ಬೆಲೆ ಮಾತ್ರ ನಮಗೆ ಹೆಚ್ಚೆನಿಸುವುದಿಲ್ಲ.

ಈ ಉದಾಸೀನ ನಮಗೆ ಒಪ್ಪುವಂಥದ್ದಲ್ಲ. ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಈ ನಗರದ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಇಲ್ಲಿಯೇ ಬಾಳಿದವರು. 1952ರಲ್ಲಿ ಕಾಲಾಘೋಡಾದಲ್ಲಿ ಜಹಾಂಗೀರ್ ಕಲಾಗ್ಯಾಲರಿ ತಲೆಯೆತ್ತಿದುದರ ಹಿಂದೆ ಹೋಮಿ ಭಾಭಾ ಅವರೊಂದಿಗೆ ಹೆಬ್ಬಾರರ ಒತ್ತಾಸೆಯೂ ಇತ್ತು. ಲಯವನ್ನು ಅರಿಯಲೆಂದು ಅವರು ಕಥಕ್ ಕಲಿತರು. ಬಿಳಿ ಕಾಗದದ ಮೇಲೆ ಅವರೆಳೆದ ನಾಲ್ಕಾರು ಗೆರೆಗಳಲ್ಲಿ ನರ್ತಕಿ ತಿರುಗುತ್ತಾಳೆ. ದೊಡ್ಡ ಕ್ಯಾನ್ವಾಸಿಗೆ ಗೋಡೆಯಿಲ್ಲದ ನಮ್ಮ ಎರಡು ಕೋಣೆಗಳ ಮನೆಗೆ ಇಂಥ ರೇಖೆಯೇ ತಕ್ಕದ್ದೆಂದು ನಮ್ಮ ಎಣಿಕೆ.

ಮಾಟುಂಗದಲ್ಲಿ ಲೋಕಲ್ ಹತ್ತಿ ಬೋರಿಬಂದರಿನಲ್ಲಿಳಿದರೆ ಜಹಾಂಗೀರ್ ನಡೆದು ಹೋಗುವಷ್ಟೇ ದೂರ. ಒಳಗೆ ನೋಡಲು ಹಣ ಕೊಡಬೇಕಿಲ್ಲ. ಹೊರಗೆ ಪಾದಚಾರಿ ದಾರಿಯಲ್ಲೂ ಕಲಾವಿದರು ಚಿತ್ರಗಳನ್ನಿಟ್ಟು ಕುಳಿತಿರುತ್ತಾರೆ. ಸೋಫಾದ, ಪರದೆಯ ಬಣ್ಣವನ್ನು ತಲೆಯಲ್ಲಿಟ್ಟುಕೊಂಡು ಹೋಗಬಾರದು. ಪರದೆ ಐದು ವರ್ಷಕ್ಕೆ ಹರಿಯುತ್ತದೆ. ಮೊದಲ ನೋಟಕ್ಕೆ ಹಿಡಿಸಿದ್ದನ್ನು ಅಂದೇ ಕೊಳ್ಳದೆ, ಎರಡು ದಿನ ಬಿಟ್ಟು ಮತ್ತೆ ಹೋಗಿ ನೋಡಬೇಕು. ನಡುವೆ, ಅಡುಗೆಮನೆಯಲ್ಲೋ ರೈಲಿನಲ್ಲೋ, ಆ ಚಿತ್ರ ತಾನಾಗಿ ನೆನಪಿಗೆ ಬಂದಿದ್ದರೆ ಅದು ನಮ್ಮದು. ಮುಂದೆ ಬೆಲೆ ಏರೀತೆಂಬ ಆಸೆಯಿಂದ ಕೊಳ್ಳುವವರು ಬ್ಯಾಂಕಿಗೆ ಹೋಗುವುದು ಲೇಸು.

ಕಲಾವಿದರೊಡನೆ ನೇರವಾಗಿ ಮಾತನಾಡಿ, ಸಹಿ ಮತ್ತು ವರ್ಷವನ್ನು ನೋಡಿಕೊಳ್ಳಬೇಕು. ಕಲ್ಲಚ್ಚು, ಮರದಚ್ಚುಗಳ ಪ್ರತಿಗಳಲ್ಲಿ ಕೆಳಗೆ ಪೆನ್ಸಿಲಿನಲ್ಲಿ 3/25 ಎಂಬಂತೆ ಬರೆದಿರುತ್ತದೆ: ಇಪ್ಪತ್ತೈದು ಪ್ರತಿಗಳಲ್ಲಿ ಮೂರನೆಯದು ಎಂದರ್ಥ. ಇವೂ ಮೂಲಕೃತಿಗಳೇ, ಬೆಲೆಯೂ ಕಡಿಮೆ. ಹೂವಿನಂಗಡಿಯಲ್ಲಿ ಮೊಳಕ್ಕೆ ಚೌಕಾಸಿ ಮಾಡಿದಂತೆ ಇಲ್ಲಿ ಮಾಡುವುದು ಬೇಡ. ಕಂತುಗಳಲ್ಲಿ ಕೊಡಬಹುದೇ ಎಂದು ಕೇಳಲು ಸಂಕೋಚವೂ ಬೇಡ.

ಇನ್ನು ನಮ್ಮ ಮಳೆಗಾಲ. ಆಷಾಢ ಶ್ರಾವಣಗಳಲ್ಲಿ ಹೊರಗೋಡೆ ನೀರು ಕುಡಿಯುತ್ತದೆ, ಅಲ್ಲಿ ತೂಗುಹಾಕಿದ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಒಳಗೋಡೆಯನ್ನೇ ಆರಿಸಿ, ಚೌಕಟ್ಟಿನ ಹಿಂದೆ ಬೆಂಡಿನ ಚೂರು ಅಂಟಿಸಿ ಗಾಳಿಯಾಡಲು ಬಿಡಬೇಕು. ನೇರ ಬಿಸಿಲೂ ತಾಗಬಾರದು. ಕ್ಯಾಲೆಂಡರು ಅಡುಗೆಮನೆಗೆ ಹೋಗಲಿ; ಹಾಲಿನ ಲೆಕ್ಕ ಬರೆಯಲು ಅದು ಬೇಕೇ ಬೇಕು.